ಶ್ರೀರಂಗಪಟ್ಟಣದಲ್ಲಿ ಮನೆ ಮಾಡಬೇಕು ಅಂದುಕೊಂಡವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನೆಂಟರು, ಬೆಂಗಳೂರಿನ ಹಳೇ ಸ್ನೇಹಿತರು, ರಿಟೈರ್ ಆಗಲು ಒಂದೆರಡು ವರ್ಷ ಬಾಕಿ ಇರುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ನಿಮಿಷಾಂಬನ ದರ್ಶನ ಮುಗಿಸಿ ಹೊಳೆ ಮೆಟ್ಟಿಲ ಮೇಲೆ ಐದು ನಿಮಿಷ ಕೂತರೆ ಸಾಕು, "ಇಲ್ಲೇ ಎಲ್ಲಾದ್ರೂ ಒಂದು ಸೈಟ್ ಇದ್ರೆ ಹೇಳ್ರಿ" ಅನ್ನುತ್ತಾರೆ. ನಾನು ಬ್ರೋಕರ್ ಅಲ್ಲ. ಮಾರಲು ನನ್ನ ಹತ್ತಿರ ಸೈಟೂ ಇಲ್ಲ. ಇಲ್ಲಿ ಸಂಸಾರ ಮಾಡಿಕೊಂಡಿರುವವನಿಗೆ ಗೊತ್ತಾಗುವ ವಿಷಯಗಳನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಊರು ಚೆನ್ನಾಗಿರುವುದು ಹೊಳೆ ಮತ್ತು ಕೋಟೆಯಿಂದ. ಇಲ್ಲಿ ಮನೆ ಮಾಡುವವರ ತಲೆನೋವು ಬರುವುದೂ ಆ ಎರಡರಿಂದಲೇ.

ಶ್ರೀರಂಗಪಟ್ಟಣ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ಬ್ರೋಕರ್ ಪ್ರಕಾರ ಮೈಸೂರು ದಾಟಿದ ಮೇಲೆ ಸಿಗುವುದೆಲ್ಲ ಶ್ರೀರಂಗಪಟ್ಟಣವೇ. ಅಸಲಿ ಪಟ್ಣ ಇರುವುದು ದ್ವೀಪದಲ್ಲಿ. ಕಾವೇರಿ ಊರಿನ ಪಶ್ಚಿಮದಲ್ಲಿ ಎರಡಾಗಿ ಒಡೆದು, ಪೂರ್ವದಲ್ಲಿ ಸಂಗಮದ ಹತ್ತಿರ ಮತ್ತೆ ಒಂದಾಗುತ್ತಾಳೆ. ನಡುವೆ ಸುಮಾರು 5 ಕಿಲೋಮೀಟರ್ ಉದ್ದದ ನೆಲ. ಪಶ್ಚಿಮದ ತುದಿಯಲ್ಲಿ ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, ರೈಲು ನಿಲ್ದಾಣ. ಕೋಟೆಯಿಂದ ಪೂರ್ವಕ್ಕೆ ಹೊರಟರೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಆಮೇಲೆ ಗಂಜಾಂ, ನಿಮಿಷಾಂಬ ದೇವಸ್ಥಾನ, ಟಿಪ್ಪುವಿನ ಸಮಾಧಿ ಇರುವ ಗುಂಬಜ್, ಕೊನೆಗೆ ಸಂಗಮ.

ಬಾಬುರಾಯನಕೊಪ್ಪಲು, ಕಿರಂಗೂರು ಹೊಳೆಯ ಉತ್ತರ ದಡದವು. ಪಾಲಹಳ್ಳಿ, ಬೆಳಗೊಳ ದಕ್ಷಿಣ ದಡದಲ್ಲಿ, ರಂಗನತಿಟ್ಟು ಪಕ್ಷಿಧಾಮ ಮತ್ತು ಕೆಆರ್‌ಎಸ್ ಅಣೆಕಟ್ಟೆ ಕಡೆಗೆ ಬರುತ್ತವೆ. ಇವೆಲ್ಲ ಒಳ್ಳೇ ಊರುಗಳೇ. ಆದರೆ "ದ್ವೀಪದಲ್ಲಿ ಮನೆ" ಅಂತ ದುಡ್ಡು ಕೊಡುವ ಮೊದಲು ಸೇತುವೆಯ ಯಾವ ಕಡೆ ನಿಂತಿದ್ದೀರಿ ಅಂತ ನೋಡಿಕೊಳ್ಳಿ.

ನಮಗೆ ಕಡಲ ತೀರದ ಸಣ್ಣ ಊರಲ್ಲಿ ಇರಬೇಕು ಅಂತ ಆಸೆ ಇತ್ತು. ಹೊಳೆ ಊರು ಅದಕ್ಕೆ ಸಮ ಆಗುತ್ತಾ?

ಸಮ ಆಗುವುದಿಲ್ಲ. ಅದರ ರುಚಿ ಬೇರೆ, ಇದರ ರುಚಿ ಬೇರೆ. ಈ ಪ್ರಶ್ನೆ ಕೇಳುವವರಲ್ಲಿ ಜಾಸ್ತಿ ಜನ ಕುಂದಾಪುರ, ಕುಮಟಾ, ಉಡುಪಿ ಕಡೆ ಸುತ್ತಿ ಬಂದವರು. ಮೈಸೂರಿನಿಂದ ಮಂಗಳೂರಿಗೆ 250 ಕಿಲೋಮೀಟರ್ ಆಸುಪಾಸು. ತಮಾಷೆ ಅಂದರೆ ನಮ್ಮೂರಿನ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಮಡಿಕೇರಿ ಹತ್ತಿ, ಸಂಪಾಜೆ ಘಾಟಿ ಇಳಿದು ಬಂಟ್ವಾಳಕ್ಕೇ ಹೋಗಿ ಮುಟ್ಟುತ್ತದೆ. ಕಡಲು ನೋಡಬೇಕು ಅನ್ನಿಸಿದಾಗ ಇಲ್ಲಿಂದ ಹೊರಟರೆ ಆಯಿತು.

ವಾಸಕ್ಕೆ ಬಂದರೆ ಲೆಕ್ಕ ಬೇರೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಇಲ್ಲಿ 700ರ ಆಸುಪಾಸು. ಅಲ್ಲಿ ಕಿಟಕಿ ಸರಳು, ಗೇಟು, ಫ್ರಿಜ್ಜಿನ ಹಿಂಬದಿ ಎಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ, ಏಪ್ರಿಲ್‌ನಲ್ಲಿ ಬೆವರು ಆರುವುದೇ ಇಲ್ಲ. ಇಲ್ಲಿ ಬೇಸಿಗೆ ಒಣ ಬೇಸಿಗೆ. ಸಂಜೆ ಹೊಳೆ ಕಡೆಯಿಂದ ಗಾಳಿ ಬಂದರೆ ಫ್ಯಾನ್ ಸಾಕು. ಕರಾವಳಿಯಲ್ಲಿ ನೀರು ತಲೆ ಮೇಲೇ ಸುರಿಯುತ್ತದೆ. ಇಲ್ಲಿ ನೆತ್ತಿ ಮೇಲೆ ಬಿಸಿಲಿರುವಾಗಲೂ ಕೊಡಗಿನಲ್ಲಿ ಸುರಿದ ಮಳೆ ಮನೆ ಮುಂದೆ ಬಂದು ನಿಲ್ಲಬಹುದು. ಕಡಲೂರಿನಲ್ಲಿ ದಡದ ಹತ್ತಿರ ಕಟ್ಟಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಅಡ್ಡ ಬಂದರೆ ಇಲ್ಲಿ ಪುರಾತತ್ವ ಇಲಾಖೆಯ ನಿಯಮ ಅಡ್ಡ ಬರುತ್ತದೆ. ಹೊಳೆ ನೀರಿನ ಬಗ್ಗೆಯೂ ಪುರಾತತ್ವ ಇಲಾಖೆಯ ನಿಯಮದ ಬಗ್ಗೆಯೂ ಕೆಳಗೆ ಬರೆದಿದ್ದೇನೆ.

ಮೈಸೂರಿಗೆ ದಿನಾ ಓಡಾಡಿಕೊಂಡು ಕೆಲಸ ಮಾಡಬಹುದಾ?

ಧಾರಾಳವಾಗಿ. ಮೈಸೂರು 15-16 ಕಿಲೋಮೀಟರ್. ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಇರುವವರಿಗೆ ಮೈಸೂರಿನ ದಕ್ಷಿಣದ ಬಡಾವಣೆಗಳಿಗಿಂತ ಪಟ್ಣವೇ ಅನುಕೂಲ. ಪೇಟೆ ಒಳಗೆ ನುಗ್ಗದೆ ಹೊರವರ್ತುಲ ರಸ್ತೆ ಹಿಡಿದು ಹೋಗಿಬಿಡಬಹುದು. ಬಸ್ಸಿಗೆ ಕೊರತೆ ಇಲ್ಲ. ಮೈಸೂರಿನ ಸಿಟಿ ಬಸ್ಸುಗಳೂ ಬರುತ್ತವೆ, ಮಂಡ್ಯ ಕಡೆಯ ಬಸ್ಸುಗಳೂ ನಿಲ್ಲುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ಇಲ್ಲ. ಆದ್ದರಿಂದ ಬೆಳಗಿನ ಎಂಟೂವರೆ ಬಸ್ಸಿನಲ್ಲಿ ಕಾಲೇಜು ಹುಡುಗಿಯರು, ಆಫೀಸಿಗೆ ಹೋಗುವವರು ಸೇರಿ ಕಾಲಿಡಲು ಜಾಗ ಇರುವುದಿಲ್ಲ. ಸೀಟು ಬೇಕು ಅಂದರೆ ಸ್ವಲ್ಪ ಮೊದಲೇ ಹೊರಡಿ.

ರೈಲೂ ಇದೆ. ಪ್ಯಾಸೆಂಜರ್, ಮೆಮು ನಿಲ್ಲುತ್ತವೆ. ವೇಗದ ರೈಲುಗಳಲ್ಲಿ ಎಲ್ಲವೂ ನಿಲ್ಲುವುದಿಲ್ಲ, ಸಮಯ ನೋಡಿಕೊಂಡೇ ನಂಬಿ.

ಬೈಕ್‌ನಲ್ಲಿ ಹೋಗುವವರಿಗೆ ಒಂದು ಮಾತು. ಕಬ್ಬು ಕಡಿಯುವ ಕಾಲದಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಹೋಗುತ್ತಾರೆ. ಕಬ್ಬು ಟ್ರೇಲರಿನ ಎರಡೂ ಬದಿಗೆ ಒಂದೊಂದು ಮೊಳ ಹೊರಗೆ ಚಾಚಿರುತ್ತದೆ. ಹಿಂದುಗಡೆ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೆ ಕೆಸರು ಮೆತ್ತಿಕೊಂಡಿರುತ್ತದೆ. ಮುಸ್ಸಂಜೆಯಲ್ಲಿ ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆದಾಗ ಆ ಟ್ರೇಲರ್ ಕಾಣಿಸುವುದೇ ಇಲ್ಲ. ರಸ್ತೆ ಮೇಲೆ ಬಿದ್ದ ಕಬ್ಬಿನ ಜಲ್ಲೆ ಬೈಕಿನ ಚಕ್ರಕ್ಕೆ ಸಿಕ್ಕಿದರಂತೂ ಮುಗಿಯಿತು.

ನಾಲೆ ಏರಿ ಮೇಲಿನ ರಸ್ತೆಗಳೂ ಅಷ್ಟೆ. ಮ್ಯಾಪ್ ಹತ್ತಿರದ ದಾರಿ ತೋರಿಸುತ್ತದೆ, ತಡೆಗೋಡೆ ಇದೆಯೋ ಇಲ್ಲವೋ ಅಂತ ತೋರಿಸುವುದಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ಸತ್ತರು. ಅದರ ನಂತರವೂ ಕಾರುಗಳು ಬಿದ್ದಿವೆ. ರಾತ್ರಿ ಹೊತ್ತು ನಾಲೆ ರಸ್ತೆ ಬೇಡವೇ ಬೇಡ.

ಬೆಂಗಳೂರಿಗೆ ವಾರಕ್ಕೊಂದು ಸಲ ಹೋಗಬೇಕು. ಎಕ್ಸ್‌ಪ್ರೆಸ್‌ವೇ ಹತ್ತಿರವೇ ಇದೆಯಲ್ಲ?

ಇದೆ. 118 ಕಿಲೋಮೀಟರಿನ ಆ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಈಗ ಪಟ್ಣದ ಒಳಗೆ ಬರದೆ ಬೈಪಾಸಿನಲ್ಲಿ ಹೋಗುತ್ತದೆ. ಕಾರಿದ್ದರೆ ಆರಾಮ. ಗಣಂಗೂರಿನ ಟೋಲ್ ನಮಗೂ ಬೆಂಗಳೂರಿಗೂ ನಡುವೆ ಬರುತ್ತದೆ. ಹಾಗಾಗಿ ಮೈಸೂರಿಗೆ ಹೋಗಲು ಟೋಲ್ ಇಲ್ಲ, ಮಂಡ್ಯ ಕಡೆಗೆ ಎಕ್ಸ್‌ಪ್ರೆಸ್‌ವೇ ಹಿಡಿದರೆ ಕಟ್ಟಬೇಕು. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಅವುಗಳಿಗೆ ಸರ್ವಿಸ್ ರಸ್ತೆಯೇ ಗತಿ.

ಬೈಪಾಸ್ ಬಂದ ಮೇಲೆ ಹಳೇ ರಸ್ತೆಯ ಹೋಟೆಲಿನವರಿಗೆ ವ್ಯಾಪಾರ ಕುಗ್ಗಿತು. ನಮಗೆ ಮಾತ್ರ ರಾತ್ರಿ ಲಾರಿ ಹಾರ್ನ್ ಕಡಿಮೆ ಆಗಿ ನಿದ್ದೆ ಬರುತ್ತಿದೆ.

ಪ್ರವಾಹ ಬರುತ್ತಾ? ನಿಜ ಹೇಳಿ.

ಬರುತ್ತದೆ. ಊರೆಲ್ಲ ಮುಳುಗುವುದಿಲ್ಲ, ದಡ ಮುಳುಗುತ್ತದೆ. ಕೊಡಗಿನಲ್ಲಿ ಮಳೆ ಹಿಡಿದರೆ ಕೆಆರ್‌ಎಸ್ ತುಂಬುತ್ತದೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಹಿಡಿಯುವ ನೀರು 49.45 ಟಿಎಂಸಿ. ತುಂಬಿದ ಮೇಲೆ ಬಂದ ನೀರನ್ನೆಲ್ಲ ಕೆಳಕ್ಕೆ ಬಿಡಲೇಬೇಕು. ಕೆಳಗೆ ಮೊದಲು ಸಿಗುವ ಪಟ್ಟಣ ನಮ್ಮದೇ. ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದರೆ ನಿಮಿಷಾಂಬ ದೇವಸ್ಥಾನದ ಮೆಟ್ಟಿಲು, ಸ್ನಾನಘಟ್ಟ, ಪಶ್ಚಿಮವಾಹಿನಿಯ ಮಂಟಪಗಳು ನೀರೊಳಗೆ ಹೋಗುತ್ತವೆ. ರಂಗನತಿಟ್ಟಿನಲ್ಲಿ ಬೋಟು ಅದಕ್ಕೂ ಎಷ್ಟೋ ಮೊದಲೇ ನಿಂತಿರುತ್ತದೆ. 2019ರ ಆಗಸ್ಟ್‌ನಲ್ಲಿ, 2024ರ ಜುಲೈ ಕೊನೆಗೆ ಇದನ್ನೆಲ್ಲ ನೋಡಿದ್ದೇವೆ. 2025ರಲ್ಲಂತೂ ಜೂನ್ ಮುಗಿಯುವುದರೊಳಗೇ ಕಟ್ಟೆ ತುಂಬಿ ಬಾಗಿನ ಕೊಟ್ಟಾಯಿತು.

ನೀರು ಬಿಡುವ ಹಿಂದಿನ ದಿನ ಆಟೊಗೆ ಮೈಕ್ ಕಟ್ಟಿಕೊಂಡು ಬರುತ್ತಾರೆ. ನದಿ ಪಾತ್ರದವರು ದನಕರು, ಸಾಮಾನು ತೆಗೆದುಕೊಂಡು ಮೇಲಕ್ಕೆ ಹೋಗಬೇಕು ಅಂತ ಕೂಗುತ್ತಾ ಹೋಗುತ್ತಾರೆ. ಹೊಳೆ ಬದಿ ತೋಟದವರು ಆ ರಾತ್ರಿಯೇ ಪಂಪ್‌ಸೆಟ್ ಬಿಚ್ಚಿ, ಇಬ್ಬರು ಮೂವರು ಹೆಗಲು ಕೊಟ್ಟು ಮೇಲಕ್ಕೆ ಸಾಗಿಸುತ್ತಾರೆ. ಬೆಳಗ್ಗೆ ನೋಡಿದರೆ ನೀರಿನ ಬಣ್ಣವೇ ಬೇರೆ. ಹಾಲು ಜಾಸ್ತಿ ಹಾಕಿದ ಚಹಾ ಥರ ಮಂದ, ಮೇಲೆ ಬಿದಿರು ಮೆಳೆ, ಪ್ಲಾಸ್ಟಿಕ್ ಕೊಡ, ಬಾಳೆ ದಿಂಡು ಸುತ್ತುತ್ತಾ ಹೋಗುತ್ತಿರುತ್ತವೆ. ಸದ್ದಂತೂ ದಿನಪೂರ್ತಿ. ಪೊಲೀಸರು ವೆಲ್ಲೆಸ್ಲಿ ಸೇತುವೆಗೆ ಹಗ್ಗ ಕಟ್ಟುತ್ತಾರೆ. ಮೈಸೂರಿನಿಂದ ಸೆಲ್ಫಿಗೆ ಅಂತ ಬಂದವರು ಆ ಹಗ್ಗದ ಕೆಳಗೆ ನುಸುಳಲು ನೋಡುತ್ತಾರೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಲ್ಲು ಕಂಬಗಳ ಮೇಲೆ ನಿಂತ ಸೇತುವೆ ಅದು. ಇಷ್ಟು ನೀರು ಕಂಡು ಇನ್ನೂ ನಿಂತಿದೆ.

ಮನೆ ನೋಡಲು ಬಂದಾಗ ಓನರ್‌ಗೆ ಕೇಳಿದರೆ "ಇಲ್ಲಿಗೆ ನೀರು ಬಂದೇ ಇಲ್ಲ ಸಾರ್" ಅನ್ನುವುದು ಗ್ಯಾರಂಟಿ. ಅವರನ್ನು ಬಿಟ್ಟು ಪಕ್ಕದ ಅಂಗಡಿಯವರನ್ನು ಕೇಳಿ. "ದೊಡ್ಡ ನೀರು ಬಂದಾಗ ಎಲ್ಲಿವರೆಗೆ ಬಂದಿತ್ತು?" ಅಂದರೆ ಕೈ ಮಾಡಿ ತೋರಿಸುತ್ತಾರೆ. ಆ ಕೈ ತೋರಿಸಿದ ಜಾಗಕ್ಕಿಂತ ಮೇಲೆ ಮನೆ ಇದೆಯಾ ನೋಡಿ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಕೋಟೆ ಒಳಗೆ ಹಳೇ ಮನೆ ತೆಗೆದುಕೊಂಡು ಹೊಸದಾಗಿ ಕಟ್ಟಬಹುದಾ?

ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪಟ್ಣದಲ್ಲಿ ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿರುವ ಸ್ಮಾರಕಗಳು ಒಂದೆರಡಲ್ಲ. ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಜಾಮಿಯಾ ಮಸೀದಿ, ಕರ್ನಲ್ ಬೈಲಿ ಬಂದೀಖಾನೆ, ಟಿಪ್ಪುವಿನ ದೇಹ ಸಿಕ್ಕ ಜಾಗ, ಕೋಟೆ ಗೋಡೆಯ ಭಾಗಗಳು, ಹೀಗೆ ಪಟ್ಟಿ ಉದ್ದ ಇದೆ. 2010ರಲ್ಲಿ ತಿದ್ದುಪಡಿ ಆದ ಕಾಯ್ದೆ ಪ್ರಕಾರ ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಇಲ್ಲ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ಅನುಮತಿ ಬೇಕು. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ ಹೋಗಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ನೋಡಿ, ಆಮೇಲೆ ಉತ್ತರ ಬರಬೇಕು. ಈಗಿರುವ ಮನೆ ರಿಪೇರಿ ಮಾಡಲೂ ಅನುಮತಿ ಕೇಳಬೇಕು.

ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ಸ್ಮಾರಕ ಇದ್ದರೆ ಏನಾಗುತ್ತದೆ ಅಂತ ನಕ್ಷೆ ಮೇಲೆ ನೀವೇ ವೃತ್ತ ಹಾಕಿ ನೋಡಿ. ಒಂದು ವೃತ್ತ ಇನ್ನೊಂದರ ಮೇಲೆ ಬೀಳುತ್ತದೆ. ಎಷ್ಟೋ ಹಳೇ ಬೀದಿಗಳು ಪೂರ್ತಿ ಒಳಗೇ ಬರುತ್ತವೆ. ಮಾಳಿಗೆ ಸೋರುವ ಹೆಂಚಿನ ಮನೆಯನ್ನು "ಕೆಡವಿ ಕಟ್ಟಿಕೊಳ್ಳಿ ಸಾರ್, ಲೊಕೇಶನ್ ನೋಡಿ" ಅಂತ ಮಾರುತ್ತಾರೆ. ಕೆಡವುವುದು ಒಂದು ದಿನದ ಕೆಲಸ. ಕಟ್ಟಲು ಬಿಡದಿದ್ದರೆ ಖಾಲಿ ಜಾಗಕ್ಕೆ ಬೇಲಿ ಹಾಕಿ ಕೂರಬೇಕು.

ರೈಲ್ವೆಯವರಿಗೇ ಈ ಊರಲ್ಲಿ ಸಲೀಸಾಗಲಿಲ್ಲ. ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ಕೆಡವುವಂತಿಲ್ಲ. ಕೊನೆಗೆ 2017ರಲ್ಲಿ ಸಾವಿರ ಟನ್ ಆಸುಪಾಸಿನ ಆ ಕಟ್ಟಡವನ್ನು ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಊರಿಗೆ ಊರೇ ನಿಂತು ನೋಡಿತು. ನಿಮ್ಮ ಡ್ಯೂಪ್ಲೆಕ್ಸಿಗೋಸ್ಕರ ಯಾರೂ ಅಷ್ಟು ಮಾಡುವುದಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ ಈ ನಿಯಮ ಇರುವುದೇ ಒಳ್ಳೆಯದು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ದರಿಯಾ ದೌಲತ್ ಎದುರು ಐದಂತಸ್ತಿನ ಲಾಡ್ಜ್ ಎದ್ದಿರುತ್ತಿತ್ತು. ಆದರೆ ಕೋಟೆ ಒಳಗೆ ಹುಟ್ಟಿ ಬೆಳೆದವರ ಕಷ್ಟವೂ ನಿಜ. ಮಗನಿಗೆ ಮದುವೆ ಆಯಿತು, ಮೇಲೊಂದು ರೂಮು ಬೇಕು ಅಂದರೂ ವರ್ಷಗಟ್ಟಲೆ ಕಡತ ಹಿಡಿದು ಅಲೆಯುತ್ತಾರೆ.

ಸೈಟ್ ತೆಗೆದುಕೊಳ್ಳುವಾಗ ಯಾವ ಕಾಗದ ನೋಡಬೇಕು?

ಪುರಸಭೆ ಒಳಗಾದರೆ ಇ-ಖಾತಾ. ಹಳ್ಳಿ ಕಡೆಯಾದರೆ ಇ-ಸ್ವತ್ತಿನ ಫಾರಂ 9 ಮತ್ತು 11. ಭೂ ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಋಣಭಾರ ಪತ್ರ. ಇವು ಎಲ್ಲ ಊರಿಗೂ ಒಂದೇ. ಇಲ್ಲಿ ವಿಶೇಷವಾಗಿ ನೋಡಬೇಕಾದದ್ದು ಪಹಣಿಯ ಹಳೇ ಕಥೆ. ರಾಜಧಾನಿಯಾಗಿದ್ದ ಊರು ಇದು. ದೇವಸ್ಥಾನದ ಇನಾಂ, ಮಸೀದಿಯ ಜಮೀನು, ಸರ್ಕಾರಿ ಖರಾಬು, ಕೋಟೆಯ ಕಂದಕ ಎಲ್ಲವೂ ಒಂದರ ಪಕ್ಕ ಒಂದು ಇವೆ. ಪಹಣಿಯ ಕಲಂ 11 ಓದಿ, ಜಮೀನಿನ ಮೇಲಿನ ಇತರ ಹಕ್ಕು, ಋಣ ಬರೆಯುವುದು ಅಲ್ಲೇ. ಅಲ್ಲಿ ಏನಾದರೂ ಬರೆದಿದ್ದರೆ "ಅದು ಬಿಡಿ ಸಾರ್, ತೆಗೆಸಿಬಿಡೋಣ" ಅನ್ನುವ ಮಾತು ನಂಬಬೇಡಿ. ತೆಗೆಸಿದ ಮೇಲೆ ಬನ್ನಿ ಅನ್ನಿ.

ಗದ್ದೆ ನಡುವೆ ಕಲ್ಲು ನೆಟ್ಟು, ಕಮಾನು ಕಟ್ಟಿ, "ಫಾರ್ಮ್ ಪ್ಲಾಟ್" ಅಂತ ಮಾರುವುದೂ ಜಾಸ್ತಿಯಾಗಿದೆ. ನಾಲೆ ನೀರು ಬಿಟ್ಟ ತಿಂಗಳಲ್ಲಿ ಹೋಗಿ ನೋಡಿ. ಸೈಟಿನ ಕಲ್ಲು ನೀರಲ್ಲಿ ನಿಂತಿರುತ್ತದೆ.

ಕುಡಿಯುವ ನೀರಿಗೆ ತೊಂದರೆ ಇಲ್ಲ, ಅಲ್ವಾ? ಸುತ್ತ ಹೊಳೆಯೇ ಇದೆ.

ನಲ್ಲಿಯಲ್ಲಿ ಕಾವೇರಿ ನೀರೇ ಬರುತ್ತದೆ. ಆದರೆ ಹೊಳೆ ಪಕ್ಕ ಮನೆ ಅಂತ ಸಂಪ್ ಸಣ್ಣದು ಮಾಡಬೇಡಿ. ಪೈಪ್ ಒಡೆದರೆ, ಮೋಟಾರ್ ಸುಟ್ಟರೆ ಇಲ್ಲೂ ಟ್ಯಾಂಕರ್ ಹುಡುಕಬೇಕು. ಹೊಳೆ ನೀರನ್ನು ಹಾಗೇ ಕುಡಿಯುವ ಕಾಲ ಹೋಯಿತು. ಊರಿನ ಚರಂಡಿ ನೀರು ಹೊಳೆಗೆ ಸೇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಅಸ್ಥಿ ಬಿಡಲು ಬಂದವರು ಉಟ್ಟ ಬಟ್ಟೆಯನ್ನೂ, ಮಡಕೆಯನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಪಶ್ಚಿಮವಾಹಿನಿಯಲ್ಲಿ ಬಿಟ್ಟರು, ಅಂಥ ಜಾಗ. ಇವತ್ತು ಮೆಟ್ಟಿಲ ಬುಡದಲ್ಲಿ ಒದ್ದೆ ಪಂಚೆ, ಸೀರೆ ಕಲ್ಲಿಗೆ ಸುತ್ತಿಕೊಂಡು ಕೊಳೆಯುತ್ತಿರುತ್ತವೆ.

ಸೊಳ್ಳೆ, ಹಾವು, ಮೊಸಳೆ?

ಸೊಳ್ಳೆ ಇದೆ. ಸುತ್ತ ಭತ್ತದ ಗದ್ದೆ, ನಾಲೆ ಇದ್ದಮೇಲೆ ಇರದೆ ಎಲ್ಲಿ ಹೋಗುತ್ತದೆ. ಕಿಟಕಿಗೆ ಜಾಲರಿ ಮೊದಲ ಖರ್ಚು. ಆರು ಗಂಟೆಗೆ ಬಾಗಿಲು ಹಾಕಿಬಿಡಿ.

ಹಾವೂ ಇವೆ. ಕಬ್ಬಿನ ಗದ್ದೆ ಪಕ್ಕ ಮನೆ ಆದರೆ ನಾಗರ, ಕೊಳಕುಮಂಡಲ ಎರಡೂ ಕಾಣುತ್ತವೆ. ಕಬ್ಬು ಕಡಿಯುವಾಗ ಅಲ್ಲಿಂದ ಹೊರಗೆ ಬರುತ್ತವೆ. ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬೇಡಿ.

ಮೊಸಳೆ ರಂಗನತಿಟ್ಟಿನ ಸುತ್ತ ಧಾರಾಳವಾಗಿವೆ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ಕಟ್ಟಿಸಿದ ಒಡ್ಡಿನಿಂದ ಆದ ನಡುಗಡ್ಡೆಗಳೇ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿತು. ಮೊಸಳೆಗೆ ಪಕ್ಷಿಧಾಮದ ಗಡಿ ಗೊತ್ತಿಲ್ಲ. ಕೆಳಗಿನ ಹೊಳೆಯಲ್ಲೂ ಬಂಡೆ ಮೇಲೆ ಬಿಸಿಲು ಕಾಯಿಸುವುದು ಉಂಟು. ಆದರೆ ಈ ಹೊಳೆಯಲ್ಲಿ ಜನ ಸಾಯುವುದು ಮೊಸಳೆಯಿಂದಲ್ಲ, ಈಜಲು ಇಳಿದು. ಬಲಮುರಿ, ಎಡಮುರಿ, ಸಂಗಮದಲ್ಲಿ ಮೇಲೆ ನೋಡಿದರೆ ಮೊಣಕಾಲುದ್ದ ನೀರು, ಎರಡು ಹೆಜ್ಜೆ ಆಚೆ ಮಡು. ಹೊರಗಿನಿಂದ ಬಂದ ಹುಡುಗರೇ ಹೆಚ್ಚಾಗಿ ಸಿಕ್ಕಿಕೊಳ್ಳುತ್ತಾರೆ. ನಿಮ್ಮ ಮಕ್ಕಳಿಗೆ ಮನೆ ಸೇರಿದ ಮೊದಲ ವಾರವೇ ಇದನ್ನು ಹೇಳಿ.

ಚಿರತೆಯನ್ನು ಕೇಳಲಿಲ್ಲ, ಆದರೂ ಹೇಳುತ್ತೇನೆ. 2022ರಲ್ಲಿ ಕೆಆರ್‌ಎಸ್‌ನ ಬೃಂದಾವನದೊಳಗೇ ಚಿರತೆ ಕಾಣಿಸಿಕೊಂಡು ಉದ್ಯಾನ ಮುಚ್ಚಬೇಕಾಯಿತು. ಕಬ್ಬಿನ ಗದ್ದೆ ಅವಕ್ಕೆ ಅಡಗಲು ಅನುಕೂಲ. ತೋಟದ ಮನೆ ಮಾಡುವವರು ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ.

ಇಷ್ಟೆಲ್ಲ ಹೆದರಿಸಿದ ಮೇಲೆ ಒಂದು ಒಳ್ಳೇ ಸುದ್ದಿ. ಬೆಳಗ್ಗೆ ಹೊಳೆ ದಡದಲ್ಲಿ ನಿಂತರೆ ನೀರುನಾಯಿಗಳ ಸಂಸಾರ ಕಾಣುವ ಭಾಗ್ಯ ಇದೆ. ಮರಿಗಳು ಸಮೇತ ತಲೆ ಎತ್ತಿ ನಿಮ್ಮನ್ನೇ ನೋಡಿ ಮುಳುಗುತ್ತವೆ.

ಪ್ರವಾಸಿಗರ ಕಾಟ ಎಷ್ಟು?

ಶುಕ್ರವಾರ, ಭಾನುವಾರ, ಹುಣ್ಣಿಮೆ ದಿನ ಗಂಜಾಂ ರಸ್ತೆಗೆ ಕಾರು ತೆಗೆಯಬೇಡಿ. ನಿಮಿಷಾಂಬನ ಭಕ್ತರು ರಸ್ತೆ ಎರಡೂ ಬದಿಗೆ ಗಾಡಿ ನಿಲ್ಲಿಸಿರುತ್ತಾರೆ, ಒಮ್ಮೊಮ್ಮೆ ನಿಮ್ಮ ಗೇಟಿನ ಮುಂದೆಯೂ. ಮಹಾಲಯ ಅಮಾವಾಸ್ಯೆಗೆ ಸ್ನಾನಘಟ್ಟ, ಪಶ್ಚಿಮವಾಹಿನಿ, ಗೋಸಾಯಿ ಘಾಟ್, ಸಂಗಮ ಎಲ್ಲ ಕಡೆ ಪಿಂಡ ಇಡುವವರ ಸಾಲು. ಆ ದಿನ ಊರಿನ ಪುರೋಹಿತರು ಫೋನ್ ಎತ್ತುವುದಿಲ್ಲ. ಸಂಕ್ರಾಂತಿಗೆ ರಂಗನಾಥನ ಮುಂದೆ ಲಕ್ಷ ದೀಪೋತ್ಸವ, ಮುಂದೆ ರಥಸಪ್ತಮಿಗೆ ತೇರು. ಡಿಸೆಂಬರ್‌ನಲ್ಲಿ ಹನುಮ ಮಾಲೆಯ ಸಂಕೀರ್ತನಾ ಯಾತ್ರೆ ದಿನ ರಸ್ತೆ ಬಂದ್, ಎಲ್ಲಿ ನೋಡಿದರೂ ಪೊಲೀಸರು. ಆ ದಿನ ಆಸ್ಪತ್ರೆ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ.

ದಸರಾ ಮಾತ್ರ ಬೇರೆ ಲೆಕ್ಕ. 1610ರಲ್ಲಿ ರಾಜ ಒಡೆಯರ್ ದಸರಾ ಶುರು ಮಾಡಿದ್ದು ಈ ಊರಿನಲ್ಲಿ. ಮೈಸೂರಿಗೆ ಹೋಗಿದ್ದು ಆಮೇಲೆ. ಈಗಲೂ ಮೈಸೂರಿನದಕ್ಕೆ ಮೊದಲೇ ನಮ್ಮ ಜಂಬೂಸವಾರಿ ಕಿರಂಗೂರಿನ ಬನ್ನಿಮಂಟಪದಿಂದ ಹೊರಡುತ್ತದೆ. ಪಾಸ್ ಇಲ್ಲ, ಬ್ಯಾರಿಕೇಡ್ ಜಗಳ ಇಲ್ಲ. ಆನೆ ನಿಮ್ಮ ಮನೆ ಮುಂದಿನ ರಸ್ತೆಯಲ್ಲೇ ಹೋಗುತ್ತದೆ. ಮೈಸೂರಿನವರು ಇದನ್ನು "ಸಣ್ಣ ದಸರಾ" ಅಂತಾರೆ. ನಾವು ಸುಮ್ನೆ ನಗುತ್ತೇವೆ.

ಕಾವೇರಿ ಗಲಾಟೆ ಆದಾಗ ಏನು ಮಾಡುತ್ತೀರಿ?

ಮನೆಯಲ್ಲಿರುತ್ತೇವೆ. 1991, 2016, 2023, ತಮಿಳುನಾಡಿಗೆ ನೀರು ಬಿಡಿ ಅಂತ ಆದೇಶ ಬಂದಾಗೆಲ್ಲ ಮಂಡ್ಯ ಜಿಲ್ಲೆ ಎದ್ದು ನಿಲ್ಲುತ್ತದೆ. ಹೆದ್ದಾರಿ ತಡೆ, ಬಂದ್, ಹೊಳೆಗೆ ಇಳಿದು ಧರಣಿ. ಬೆಂಗಳೂರಿನಲ್ಲಿ ಕೂತು ಟಿವಿಯಲ್ಲಿ ನೋಡಿದರೆ ಇದು ರಾಜಕೀಯ. ಇಲ್ಲಿ ನಿಮ್ಮ ಹಾಲಿನವನ ಗದ್ದೆಗೆ ನೀರು ಬರುತ್ತೋ ಇಲ್ಲವೋ ಅನ್ನುವ ಪ್ರಶ್ನೆ. ಕಟ್ಟು ನೀರು ಪದ್ಧತಿಯಲ್ಲಿ ನಾಲೆಗೆ ಒಂದಷ್ಟು ದಿನ ಬಿಡುತ್ತಾರೆ, ಒಂದಷ್ಟು ದಿನ ನಿಲ್ಲಿಸುತ್ತಾರೆ. ನಿಲ್ಲಿಸಿದ್ದು ನಾಲ್ಕು ದಿನ ಜಾಸ್ತಿಯಾದರೆ ಕಬ್ಬಿನ ಗರಿ ಒಣಗಿದ್ದು ರಸ್ತೆಯಿಂದಲೇ ಕಾಣುತ್ತದೆ. ಇಲ್ಲಿ ಬಂದು ನೆಲೆಸಿದವರು ಪೇಪರ್ ತೆಗೆದ ತಕ್ಷಣ ನೋಡುವುದು ಕೆಆರ್‌ಎಸ್ ಮಟ್ಟ. ನೀವೂ ಹಾಗೇ ಆಗುತ್ತೀರಿ.

ಆಸ್ಪತ್ರೆ, ಶಾಲೆ?

ಸಣ್ಣಪುಟ್ಟದ್ದಕ್ಕೆ ತಾಲ್ಲೂಕು ಆಸ್ಪತ್ರೆ, ಖಾಸಗಿ ಕ್ಲಿನಿಕ್‌ಗಳು ಇವೆ. ದೊಡ್ಡದಕ್ಕೆ ಮೈಸೂರು. ಹೃದಯದ ತೊಂದರೆಗೆ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆ ನಮಗೆ ಮೈಸೂರಿನ ಎಷ್ಟೋ ಬಡಾವಣೆಯವರಿಗಿಂತ ಹತ್ತಿರ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್ 28 ಕಿಲೋಮೀಟರ್ ಆಗಬಹುದು. ಹೈಸ್ಕೂಲಿನ ತನಕ ಊರಲ್ಲೇ ಓದಬಹುದು. ದೊಡ್ಡ ಕಾಲೇಜಿಗೆ ಬಸ್ ಪಾಸ್.

ಅಪ್ಪ ಅಮ್ಮನನ್ನು ಇಲ್ಲಿ ಇರಿಸಬೇಕು ಅಂತಿದ್ದೇವೆ. ನಾವು ಬೆಂಗಳೂರಿನಲ್ಲೇ ಇರುತ್ತೇವೆ.

ಅವರನ್ನು ಕೇಳಿದ್ದೀರಾ? ಎಷ್ಟೋ ಜನ ಕೇಳಿರುವುದಿಲ್ಲ. ಊರು ಸಮತಟ್ಟು, ನಡೆಯಲು ಚೆನ್ನ, ದೇವಸ್ಥಾನ ಹತ್ತಿರ. ಇದೆಲ್ಲ ನಿಜ. ಆದರೆ ದಡದ ಕಡೆ ಒಂಟಿ ಬಂಗಲೆ ಕಟ್ಟಿ ಅವರನ್ನು ಕೂರಿಸಬೇಡಿ. ಬೀದಿಯಲ್ಲಿ, ಅಕ್ಕಪಕ್ಕ ಮನೆ ಇರುವ ಕಡೆ ಮಾಡಿ. ಇಲ್ಲಿನ ಜನ ಒರಟು ಮಾತಾಡುತ್ತಾರೆ, "ಏನ್ರೀ ಊಟ ಆಯ್ತಾ" ಅನ್ನುವುದೂ ಜಗಳ ಆಡಿದ ಹಾಗೇ ಕೇಳಿಸುತ್ತದೆ. ಆದರೆ ಬೆಳಗ್ಗೆ ಹಾಲಿನ ಪ್ಯಾಕೆಟ್ ಗೇಟಿನಲ್ಲೇ ಉಳಿದಿದ್ದರೆ ಹತ್ತು ಗಂಟೆಯೊಳಗೆ ಯಾರಾದರೂ ಬಾಗಿಲು ಬಡಿಯುತ್ತಾರೆ.

ಹೊಳೆ ಬದಿ ಹೋಂಸ್ಟೇ ಮಾಡಿದರೆ ಚೆನ್ನಾಗಿ ನಡೆಯುತ್ತಾ?

ನಡೆಯಬಹುದು. ಅನುಮತಿ ಇಲ್ಲದೆ ಮಾಡಿದವರಿಗೆ ನೋಟಿಸ್ ಬರುವುದೂ ನಡೆಯುತ್ತದೆ. ನದಿ ಅಂಚು, ಪಕ್ಷಿಧಾಮ, ಸ್ಮಾರಕ ಮೂರಕ್ಕೂ ಬೇರೆ ಬೇರೆ ಕಾನೂನು ಇದೆ. ಮೊದಲು ವಕೀಲರ ಹತ್ತಿರ ಹೋಗಿ, ಆಮೇಲೆ ಇಂಟೀರಿಯರ್ ಡಿಸೈನರ್ ಹತ್ತಿರ.

ತಕ್ಷಣ ಕೊಂಡುಕೊಳ್ಳಬೇಕಾ, ಬಾಡಿಗೆಗೆ ಇದ್ದು ನೋಡಬೇಕಾ?

ಬಾಡಿಗೆ. ಮೈಸೂರಿಗಿಂತ ಕಡಿಮೆಗೆ ಮನೆ ಸಿಗುತ್ತದೆ. ಒಂದು ಆಗಸ್ಟ್ ನೋಡಿ, ನೀರು ಎಲ್ಲಿವರೆಗೆ ಬರುತ್ತದೆ ಅಂತ ತಿಳಿಯುತ್ತದೆ. ಒಂದು ಏಪ್ರಿಲ್ ನೋಡಿ, ಹೊಳೆಯಲ್ಲಿ ಬಂಡೆ ಎದ್ದು ನಿಂತಾಗಲೂ ನಿಮಗೆ ಇದು ಇಷ್ಟ ಆಗುತ್ತದಾ ಅಂತ ಗೊತ್ತಾಗುತ್ತದೆ. ಅಷ್ಟರಲ್ಲಿ ಯಾವ ಬೀದಿ ಯಾವ ಸ್ಮಾರಕದ ವೃತ್ತದೊಳಗೆ ಬರುತ್ತದೆ ಅನ್ನುವುದೂ ಬಾಯಿಪಾಠ ಆಗಿರುತ್ತದೆ. ಭಾನುವಾರ ಮಧ್ಯಾಹ್ನ ಬಂದು, ಬುಧವಾರ ಅಡ್ವಾನ್ಸ್ ಕೊಡುವವರನ್ನು ಕಂಡರೆ ಬ್ರೋಕರ್‌ಗಳಿಗೆ ಬಹಳ ಪ್ರೀತಿ.

ಕೊನೆಯದಾಗಿ, ವಿಳಾಸ ಮೈಸೂರಾ ಮಂಡ್ಯನಾ?

ಮಂಡ್ಯ ಜಿಲ್ಲೆ, ಶ್ರೀರಂಗಪಟ್ಟಣ ತಾಲ್ಲೂಕು, ಪಿನ್ 571438. ಫೋನ್ ಕೋಡ್ 08236. ಸಿನಿಮಾಗೆ, ಸೀರೆಗೆ, ಡಾಕ್ಟರಿಗೆ ಮೈಸೂರು. ಡಿಸಿ ಆಫೀಸು, ಜಿಲ್ಲಾ ಕಚೇರಿಗಳಿಗೆ ಮಂಡ್ಯ. ಇಲ್ಲಿ ಹೊಸ ಗಾಡಿ ತೆಗೆದರೆ ಕೆಎ-11 ಬರುತ್ತದೆ. ಈಗಾಗಲೇ ಮೈಸೂರಿನ ಕೆಎ-09 ಅಥವಾ ಕೆಎ-55 ಇದ್ದರೆ ನಂಬರ್ ಬದಲಿಸಬೇಕಿಲ್ಲ, ಆರ್‌ಸಿಯಲ್ಲಿ ವಿಳಾಸ ಮಾತ್ರ ಬದಲಿಸಿಕೊಳ್ಳಿ.